ಬಿಳಿ ವೈನಿನ ಆರು ಬಾಟಲಿ, ಸುಣ್ಣ ಹಚ್ಚದ ಒಂದು ಗಡಿಗೆ

ಮದ್ಯವನ್ನು ತುಟಿಗೆ ಮುಟ್ಟಿಸುವುದಿಲ್ಲವೆಂದು ಎದೆಯ ಮೇಲೆ ಕೈಯಿಟ್ಟು ಪ್ರತಿಜ್ಞೆ ಮಾಡಿದ್ದ ನಾನು ಇಟಲಿಯ ಬಿಳಿ ವೈನುಗಳನ್ನು ಮೂಗಿನಿಂದ ಕಲಿತೆ. ಹೇಳಿದರೆ ಜನ ನಗುತ್ತಾರೆ. ಆ ಕಲಿಕೆಯ ಕೊನೆಗೆ ತೆಂಗಿನ ರಸ ಇಳಿಸುವ ಒಬ್ಬ ಮೂರ್ತೆದಾರರು ಜೈಲಿಗೆ ಹೋದರೆಂದೂ, ಅವರು ಹತ್ತುತ್ತಿದ್ದ ಮರಗಳು ಇನ್ನೊಬ್ಬರ ಪಾಲಾಗುವುದರಲ್ಲಿದ್ದವೆಂದೂ ಹೇಳಿದಾಗ ನಗು ನಿಲ್ಲುತ್ತದೆ. ಎರಡನ್ನೂ ಒಟ್ಟಿಗೆ ಬರೆಯದೆ ನನಗೆ ಸಮಾಧಾನವಿಲ್ಲ. ಬರೆದ ಮೇಲೆ ಸಿಗುತ್ತದೆಂಬ ನಂಬಿಕೆಯೂ ಇಲ್ಲ.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮ ಜಿಲ್ಲೆ ಮದ್ರಾಸಿನ ಕೈಯಿಂದ ಮೈಸೂರಿನ ಕೈಗೆ ಬಂದಿದ್ದರೂ ಮದ್ರಾಸು ತಂದ ಪಾನನಿರೋಧದ ಕಾನೂನು ಹಾಗೆಯೇ ಉಳಿದಿತ್ತು. ನಾನು ಕಲ್ಯಾಣಪುರದ ಒಂದು ಶಾಲೆಯಲ್ಲಿ ಅಧ್ಯಾಪಿಕೆಯಾಗಿದ್ದೆ. ಕಾರ್ಕಳದಲ್ಲಿ ನಾನು ಓದಿದ ಶಾಲೆಯಲ್ಲಿ ಬೆತ್ತವಿರಲಿಲ್ಲ; ಎಲ್ಲ ಜಾತಿಯ ಹುಡುಗ ಹುಡುಗಿಯರು ಒಂದೇ ಬೆಂಚಿನಲ್ಲಿ ಕುಳಿತುಕೊಳ್ಳುತ್ತಿದ್ದರು; ಅನ್ಯಾಯ ಕಂಡರೆ ಎದ್ದು ನಿಂತು ಅದನ್ನು ಅದರ ಹೆಸರಿನಿಂದಲೇ ಕರೆಯಬೇಕೆಂದು ನಮಗೆ ದಿನವೂ ಹೇಳುತ್ತಿದ್ದರು. ಆ ಶಿಕ್ಷಣವೇ ನನ್ನನ್ನು ಪಾನನಿರೋಧ ಸಮಿತಿಗೆ ಕರೆತಂದಿತು. ಕುಡಿದು ಬಂದ ಗಂಡನ ಪೆಟ್ಟಿಗೆ ತೋಳು ಬಾತುಕೊಂಡ ಹೆಂಗಸರನ್ನು ನಾನು ಕಂಡಿದ್ದೆ. ಚಳವಳಿಯಲ್ಲಿ ನನಗಿದ್ದ ಶ್ರದ್ಧೆ ಸುಳ್ಳಾಗಿರಲಿಲ್ಲ. ಇಂದಿಗೂ ಅದನ್ನು ಪೂರ್ತಿಯಾಗಿ ಬಿಟ್ಟುಕೊಟ್ಟಿಲ್ಲ.

ಆದರೆ ಆ ಕಾನೂನು ಎಲ್ಲರಿಗೂ ಒಂದೇ ಆಗಿರಲಿಲ್ಲ. ತೆಂಗಿನ ಮರ ಹತ್ತಿ ಹೊಂಬಾಳೆಯಿಂದ ರಸ ಇಳಿಸುವ ಮೂರ್ತೆದಾರರು ಸಿಹಿ ರಸವನ್ನು ಮಾತ್ರ, ಅದೂ ಬೆಲ್ಲ ಕಾಯಿಸಲೆಂದು, ಲೈಸೆನ್ಸು ಪಡೆದು ಇಳಿಸಬಹುದಿತ್ತು. ಮರಕ್ಕೆ ಕಟ್ಟುವ ಪ್ರತಿಯೊಂದು ಗಡಿಗೆಯ ಒಳಮೈಗೆ ಸುಣ್ಣ ಹಚ್ಚಿರಬೇಕು. ಸುಣ್ಣವಿದ್ದರೆ ರಸ ಸಿಹಿಯಾಗಿಯೇ ಉಳಿಯುತ್ತದೆ. ಇಲ್ಲದಿದ್ದರೆ ಅರ್ಧ ದಿನದಲ್ಲಿ ಕಳ್ಳಾಗುತ್ತದೆ, ಇಳಿಸಿದವನು ಅಪರಾಧಿಯಾಗುತ್ತಾನೆ. ಇತ್ತ ವಿದೇಶಿಯರಿಗೆ ಮದ್ಯದ ಪರ್ಮಿಟ್ ಇತ್ತು. ಕುಡಿಯದಿದ್ದರೆ ಆರೋಗ್ಯ ಕೆಡುತ್ತದೆಂದು ವೈದ್ಯರಿಂದ ಸರ್ಟಿಫಿಕೇಟು ಬರೆಸಿಕೊಳ್ಳಬಲ್ಲ ಶ್ರೀಮಂತರಿಗೂ ಇತ್ತು. ಈ ತಾರತಮ್ಯ ನನಗೆ ಕಂಡಿರಲಿಲ್ಲವೆಂದರೆ ಸುಳ್ಳಾಗುತ್ತದೆ. ಕಂಡಿತ್ತು, ಮುಂದೆ ನೋಡೋಣವೆಂದು ಬದಿಗಿಟ್ಟಿದ್ದೆ. ಕಾಪುವಿನಲ್ಲಿ ಒಮ್ಮೆ ಅಧಿಕಾರಿಗಳ ಜೊತೆ ತಪಾಸಣೆಗೆ ಹೋದಾಗ, ಮರದಿಂದ ಇಳಿಸಿದ ಗಡಿಗೆಯೊಳಗೆ ನಾನೇ ಬೆರಳಾಡಿಸಿ, ಬಿಳಿ ಹತ್ತದ ಆ ಬೆರಳನ್ನು ಎತ್ತಿ ತೋರಿಸಿದ್ದೆ. ಆ ಗಡಿಗೆಯವನು ಮುಂದೆ ಏನಾದನೆಂದು ವಿಚಾರಿಸಲಿಲ್ಲ. ಕೈ ತೊಳೆದುಕೊಂಡು ಉಡುಪಿಯ ಬಸ್ಸು ಹತ್ತಿದೆ.

ಮರುವರ್ಷ ನಮ್ಮ ನದಿಯ ಬದಿಯ ಡಿಸ್ಪೆನ್ಸರಿಗೆ ಇಟಲಿಯಿಂದ ಒಬ್ಬ ವೈದ್ಯೆ ಬಂದರು. ಐವತ್ತು ದಾಟಿದ, ಮದುವೆಯಾಗದ, ಬಿರುಸು ನಡಿಗೆಯ ಹೆಂಗಸು. ಊರವರಿಗೆ ಅವರು ಡಾಕ್ಟರಮ್ಮ. ವ್ಯಾಕರಣದ ಪುಸ್ತಕವೊಂದರಿಂದ ಹಡಗಿನಲ್ಲೇ ಕನ್ನಡ ಕಲಿಯಲು ತೊಡಗಿದ್ದ ಅವರಿಗೆ ಶನಿವಾರ ಮಧ್ಯಾಹ್ನ ಪಾಠ ಹೇಳುವ ಕೆಲಸ ನನಗೆ ಬಂತು. ಇದು ಮೇಜು, ಅದು ಕುರ್ಚಿ ಎಂಬ ನನ್ನ ಪಾಠ ಅವರಿಗೆ ಎರಡನೆಯ ವಾರಕ್ಕೇ ಸಾಕಾಯಿತು. ರೋಗಿಗಳು ನೋವನ್ನು ಹೇಳುವಾಗ ಬಳಸುವ ಮಾತುಗಳು ಬೇಕು, ನಾಲಿಗೆಗೂ ಮೂಗಿಗೂ ತಾಗುವ ಮಾತುಗಳು ಬೇಕು ಎನ್ನುತ್ತಿದ್ದರು.

ಒಂದು ಜನವರಿಯಲ್ಲಿ ಅವರಿಗೆ ಮರದ ಪೆಟ್ಟಿಗೆಯೊಂದು ಬಂತು. ಅವರ ಅಣ್ಣ ಇಟಲಿಯ ಪೂರ್ವ ಕರಾವಳಿಯ ಗುಡ್ಡಗಳಲ್ಲಿ ದ್ರಾಕ್ಷಿ ಬೆಳೆಯುವವರು. ತಮ್ಮ ದೇಶದ ಬೇರೆಬೇರೆ ಸೀಮೆಗಳ ಆರು ಬಿಳಿ ವೈನುಗಳನ್ನು ಭತ್ತದ ಹೊಟ್ಟಿನಲ್ಲಿ ಹುದುಗಿಸಿ, ಹಡಗಿನಲ್ಲಿ ಮುಂಬಯಿಗೂ ಅಲ್ಲಿಂದ ಲಾರಿಯಲ್ಲಿ ಇಲ್ಲಿಗೂ ಕಳುಹಿಸಿದ್ದರು. ಪರ್ಮಿಟ್ಟಿನ ಕಾಗದಗಳೆಲ್ಲ ಸರಿಯಾಗಿದ್ದವು. ನಿಮ್ಮ ಸೆಕೆಯನ್ನು ಇವು ಹೇಗೆ ತಾಳಿಕೊಂಡವು, ಅಲ್ಲಿನ ಊಟಕ್ಕೆ ಯಾವುದು ಹೊಂದಿತು, ಎಲ್ಲ ಬರೆ ಎಂದು ಅಣ್ಣನ ಪತ್ರ. ಇನ್ನು ಮೇಲೆ ಪಾಠ ಇವುಗಳ ಮೇಲೆಯೇ ಎಂದು ಡಾಕ್ಟರಮ್ಮ ಹೇಳಿದಾಗ ನಾನು ಚೀಲ ತೆಗೆದುಕೊಂಡು ಎದ್ದು ನಿಂತೆ. ನನ್ನ ಪ್ರತಿಜ್ಞೆಯನ್ನು ವಿವರಿಸಿದೆ. ಅವರು ಪೂರ್ತಿ ಕೇಳಿದರು.

"ನಿಮ್ಮ ಮೂಗು ಸಹ ಪ್ರತಿಜ್ಞೆಯನ್ನು ಮಾಡಿದೆಯೋ?" ಎಂದರು ತಮ್ಮ ಪುಸ್ತಕದ ಕನ್ನಡದಲ್ಲಿ.

ಮಾಡಿರಲಿಲ್ಲ. ಹಾಗಾಗಿ ಒಂದು ಕ್ರಮ ಗೊತ್ತುಪಡಿಸಿಕೊಂಡೆವು. ಊಟದ ಪದಾರ್ಥ ನಮ್ಮ ಮನೆಯಿಂದ ಹೋಗಬೇಕು. ನಾನು ತಿನ್ನಬೇಕು, ವೈನಿನ ವಾಸನೆ ನೋಡಿ ಅದಕ್ಕೆ ಕನ್ನಡದ ಮಾತು ಕೊಡಬೇಕು. ಅವರು ತಿಂದು, ಕುಡಿದು, ಅಣ್ಣನಿಗೆ ಬರೆಯಬೇಕು. ತಣಿಸಲು ಐಸು ಎಲ್ಲಿತ್ತು? ಔಷಧಿಯ ಪೆಟ್ಟಿಗೆಯ ತಂಪನ್ನು ಬಾಟಲಿಗೆ ಕೊಡಲು ಅವರು ಒಪ್ಪಲಿಲ್ಲ. ಬೆಳಿಗ್ಗೆಯೇ ಬಾಟಲಿಯನ್ನು ಕೊಡಪಾನದಲ್ಲಿಟ್ಟು ಬಾವಿಗೆ ಇಳಿಸಿದರೆ ಮಧ್ಯಾಹ್ನಕ್ಕೆ ಅದು ಬಾವಿಯ ತಂಪಿಗೆ ಬರುತ್ತಿತ್ತು. ಅಷ್ಟು ಸಾಕು, ಹೆಚ್ಚು ತಣ್ಣಗಾದರೆ ವಾಸನೆ ಮುದುಡಿಕೊಳ್ಳುತ್ತದೆ ಎಂದರು.

ಮೊದಲು ತೆರೆದದ್ದು ಅವರ ಸ್ವಂತ ಗುಡ್ಡದ ವೆರ್ದಿಕ್ಕಿಯೊ. ಒಣಹುಲ್ಲಿನ ಬಣ್ಣ, ಅಂಚಿನಲ್ಲಿ ತುಸು ಹಸಿರು. ನನಗೆ ಜಜ್ಜಿದ ಲಿಂಬೆಯ ಎಲೆ ನೆನಪಾಯಿತು. ಗುಟುಕು ಇಳಿದ ಮೇಲೆ ನಾಲಿಗೆಯ ಬುಡದಲ್ಲಿ ಕಹಿಯೊಂದು ಉಳಿಯುತ್ತದೆ, ಅದಕ್ಕೆ ಏನೆನ್ನುವುದು ಎಂದು ಕೇಳಿದರು. ಹಸಿ ಗೇರುಬೀಜದ ತೆಳುಸಿಪ್ಪೆಯನ್ನು ಅಗಿಯಲು ಕೊಟ್ಟೆ. ಕಣ್ಣರಳಿಸಿ, ಅದೇ, ಅದೇ ಎಂದರು. 'ಒಗರು' ಎಂಬ ಮಾತನ್ನು ನಾನು ಅವರಿಗೆ ಕಲಿಸಿದ್ದು ಹೀಗೆ. ಆ ದಿನ ಮಾಯ್ (ನನ್ನ ತಾಯಿ) ಕಾಣೆ ಮೀನನ್ನು ರವೆಯಲ್ಲಿ ಹೊರಳಿಸಿ ಹುರಿದುಕೊಟ್ಟಿದ್ದಳು. ಡಾಕ್ಟರಮ್ಮ ಲಿಂಬೆಯ ಹೋಳನ್ನು ಬಟ್ಟಲಿನಿಂದ ತೆಗೆದು ದೂರವಿಟ್ಟರು. ಹುರಿದ ಮೀನಿಗೆ ಲಿಂಬೆ ಹಿಂಡುವುದು ಎಣ್ಣೆಯ ಜಿಡ್ಡನ್ನು ಕತ್ತರಿಸಲಿಕ್ಕೆ. ಈ ವೈನಿನ ಹುಳಿಯೂ ಅದೇ ಕೆಲಸ ಮಾಡುತ್ತದೆ. ಎರಡು ಹುಳಿ ಒಂದು ಮೀನಿಗೆ ಬೇಡ. ಬಿಳಿ ವೈನನ್ನು ಊಟಕ್ಕೆ ಹೊಂದಿಸುವ ವಿದ್ಯೆಯ ಅರ್ಧ ಅಷ್ಟೇ ಎಂದರು.

ಉಳಿದರ್ಧವನ್ನು, ಈಸ್ಟರಿಗೆ ಮೊದಲು ನಾವು ಕ್ರೈಸ್ತರು ಆಚರಿಸುವ ತಪಸ್ಸುಕಾಲದ ಶನಿವಾರಗಳಲ್ಲಿ ಕಲಿತೆ. ಮಾಂಸ ವರ್ಜ್ಯವಾದ್ದರಿಂದ ಮೀನು, ಸೀಗಡಿ, ಚಿಪ್ಪುಗಳೇ ನಮ್ಮ ಪಾಠಗಳು. ಉತ್ತರದ ಸೊವಾವೆ ಬಹಳ ಮೆಲುದನಿಯದು; ತೆಂಗಿನ ಹಾಲಿನಲ್ಲಿ ಬೇಯಿಸಿದ ಸೀಗಡಿಗೂ ನೀರುದೋಸೆಗೂ ಅದು ಚೆನ್ನಾಗಿ ಹೊಂದಿತು. ಅದೇ ಸೀಗಡಿಗೆ ನಾಲ್ಕು ಕೆಂಪು ಮೆಣಸು ಅರೆದು ಹಾಕಿದಾಗ ವೈನು ಎಲ್ಲಿ ಹೋಯಿತೆಂದೇ ತಿಳಿಯಲಿಲ್ಲವಂತೆ. ರೋಮಿನ ಬಳಿಯ ಫ್ರಾಸ್ಕಾತಿ ದಾರಿಯಲ್ಲೇ ಸತ್ತಿತ್ತು. ಚಹಾದ ಬಣ್ಣ, ಕೊಳೆತ ಸೇಬಿನ ನಾತ. ತನ್ನ ಗುಡ್ಡ ಕಣ್ಣಿಗೆ ಕಾಣುವಷ್ಟು ದೂರದಲ್ಲಿ, ಹೊಸದಾಗಿರುವಾಗ ಕುಡಿಯಬೇಕಾದ ವೈನು ಅದು, ಹಡಗು ಹತ್ತಿಸಿದ್ದು ಅಣ್ಣನ ತಪ್ಪು ಎಂದು ದಾಸವಾಳದ ಬುಡಕ್ಕೆ ಸುರಿದರು. ನಮ್ಮ ಬಂಗುಡೆಯ ಹುಳಿಮೆಣಸಿನ ಪದಾರ್ಥಕ್ಕೆ ಯಾವುದೂ ನಿಲ್ಲಲಿಲ್ಲ. ಮೀನಿನ ಎಣ್ಣೆ, ಹುಣಸೆ, ಮೆಣಸು ಮೂರೂ ಸೇರಿ ಬಾಯಲ್ಲಿ ಕಬ್ಬಿಣದ ರುಚಿ ಹುಟ್ಟಿಸಿತಂತೆ. ಬಂಗುಡೆಗೆ ಜಯವಾಯಿತೆಂದು ಅಣ್ಣನಿಗೆ ಬರೆದರು.

ಆ ಶನಿವಾರಗಳು ನನ್ನನ್ನು ಕೂರಲು ಬಿಡುತ್ತಿರಲಿಲ್ಲ. ಪಾಠ ಮುಗಿಸಿ ಮನೆಗೆ ಹೋಗುವ ಬದಲು ನದಿಯ ದಂಡೆಯುದ್ದಕ್ಕೂ ನಡೆಯುತ್ತಿದ್ದೆ. ಒಣಮೀನು, ಕೆಸರು, ಹೊಗೆ, ಎಲ್ಲವನ್ನೂ ಮೂಸಿ ಮನಸ್ಸಿನಲ್ಲೇ ಹೆಸರಿಡುತ್ತಿದ್ದೆ. ಭಾನುವಾರ ಸಮಿತಿಯ ಕೆಲಸಕ್ಕೆ ಹೊರಟರೆ ಭಾಷಣದ ನಡುವೆ ಲಿಂಬೆ ಎಲೆಯ ವಾಸನೆ ಬರುತ್ತಿತ್ತು. ನಾನು ಪ್ರತಿಜ್ಞೆ ಮುರಿದಿರಲಿಲ್ಲ. ಆದರೆ ಮುರಿಯದೆಯೇ ಸುಖಪಡುತ್ತಿದ್ದೆ, ಆ ಸುಖ ಪರ್ಮಿಟ್ ಇದ್ದ ಮನೆಯಲ್ಲಿ ಮಾತ್ರ ಸಿಗುವಂಥದ್ದು.

ಈ ಪಾಠಗಳಿಗೆ ಮೂರನೆಯವರೊಬ್ಬರು ಬರುತ್ತಿದ್ದರು. ಡಿಸ್ಪೆನ್ಸರಿಯ ಹಿತ್ತಿಲಿನ ತೆಂಗಿನ ಮರಗಳು ಬನ್ನಂಜೆಯ ಜಮೀನುದಾರರಾದ ಒಬ್ಬ ಧನಿಗಳವು. ಅವುಗಳನ್ನು ಹತ್ತುತ್ತಿದ್ದ ಮೂರ್ತೆದಾರರು ಹಿಂದಿನ ಮಳೆಗಾಲದಲ್ಲಿ ಬಿದ್ದು ಕಾಲು ಮುರಿದುಕೊಂಡಾಗ ಡಾಕ್ಟರಮ್ಮ ಎಲುಬು ಕೂಡಿಸಿದ್ದರು. ಅಂದಿನಿಂದ ಒಣಗರಿಯಲ್ಲಿ ಸುತ್ತಿದ ಓಲೆಬೆಲ್ಲದ ಕಟ್ಟೊಂದನ್ನು ಹಿಡಿದು ಅಂಗಳದ ಅಂಚಿನಲ್ಲಿ ನಿಲ್ಲುತ್ತಿದ್ದರು. ಮೊದಲ ಸಲ ಅವರಿಗೆ ನೀರು ಬೇಕಾದಾಗ ನಾನು ತೆಂಗಿನ ಗರಟೆಯಲ್ಲಿ ಕೊಟ್ಟೆ. ಅವರ ಜಾತಿಯವರಿಗೆ ನಮ್ಮ ಮನೆಯಲ್ಲಿ ಹಾಗೆಯೇ ಕೊಡುತ್ತಿದ್ದುದು. ದೇವರ ಮುಂದೆ ಎಲ್ಲರೂ ಸಮಾನರೆಂದು ದಿನವೂ ಮೊಣಕಾಲೂರಿ ಹೇಳುವ ನಾವು ಆ ಗರಟೆಯನ್ನು ಬಚ್ಚಲಿನ ಮಾಡಿಗೆ ಸಿಕ್ಕಿಸಿಡುತ್ತಿದ್ದೆವು. ಡಾಕ್ಟರಮ್ಮ ಗ್ಲಾಸುಗಳಿದ್ದ ಕಪಾಟನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಒಂದೇ ಬೆಂಚಿನ ಶಾಲೆಯಲ್ಲಿ ಕಲಿತವಳ ಕೈ ಅದು.

ಮೂರ್ತೆದಾರರನ್ನು ಜಗಲಿಗೆ ಕರೆದು, ಕುರ್ಚಿ ಕೊಟ್ಟು, ಡಾಕ್ಟರಮ್ಮ ವೈನಿನ ಗ್ಲಾಸನ್ನು ಮೂಸಲು ಕೊಟ್ಟರು. ಅದು ದ್ವೀಪವೊಂದರ ವೆರ್ಮೆಂತಿನೊ. ಜೊತೆಗೆ ತೆಂಗಿನಕಾಯಿ ಹಾಕಿ ನೀರಾರುವವರೆಗೆ ಬೇಯಿಸಿದ ಮರುವಾಯಿ ಚಿಪ್ಪಿನ ಸುಕ್ಕ ಇತ್ತು. ನಾನು ಒಂದಿಷ್ಟು ಹೊತ್ತು ಮೂಸಿ, ಬಿಸಿಲಿಗೆ ಕಾದ ಕುರುಚಲು ಗಿಡ ಎಂದಿದ್ದೆ. ಅವರು ಒಮ್ಮೆ ಮೂಸಿ, "ಇದರಲ್ಲಿ ಉಪ್ಪುಗಾಳಿ ಉಂಟು. ಮರ ಸಮುದ್ರದ ಬದಿಯಲ್ಲಿ ಇದ್ದಿರಬೇಕು," ಎಂದರು. ಡಾಕ್ಟರಮ್ಮ ಅದನ್ನು ಹಾಗೆಯೇ ಬರೆದುಕೊಂಡರು. ಚಿಪ್ಪಿಗೆ ಆ ವೈನು ಏಕೆ ಹೊಂದುತ್ತದೆಂದು ನಾನು ಎಷ್ಟು ವಿವರಣೆ ಕೇಳಿದ್ದೆನೋ ಅಷ್ಟೂ ಆ ಎರಡು ಮಾತಿನಲ್ಲಿತ್ತು. ಗ್ಲಾಸನ್ನು ಅವರು ಎರಡು ಕೈಯಲ್ಲಿ ಹಿಂದಿರುಗಿಸಿದರು. ಅದನ್ನು ತುಟಿಗೆ ತಾಗಿಸದಂತೆ ನನ್ನನ್ನು ಪ್ರತಿಜ್ಞೆ ತಡೆದಿತ್ತು, ಅವರನ್ನು ಪೊಲೀಸರು ತಡೆದಿದ್ದರು.

ಈಸ್ಟರ್ ಹಬ್ಬಕ್ಕೆಂದು ಎರಡು ಬಾಟಲಿಗಳನ್ನು ಉಳಿಸಿಕೊಂಡಿದ್ದೆವು. ಒಂದು ಒರ್ವಿಯೆತೊ, ತುಸು ಸಿಹಿ ಉಳಿಸಿದ್ದು. ಮೆಣಸಿನ ಉರಿಗೆ ಹುಳಿಗಿಂತ ಸಿಹಿಯೇ ಮದ್ದು, ಆದ್ದರಿಂದ ಹಬ್ಬದ ಹಂದಿಮಾಂಸದ ಖಾರದ ಪದಾರ್ಥಕ್ಕೆ ಅದು. ಇನ್ನೊಂದು ಮೊಸ್ಕಾತೊ, ಮಲ್ಲಿಗೆಯ ಪರಿಮಳದ್ದು, ನಾಲಿಗೆಯ ಮೇಲೆ ಸಣ್ಣಗೆ ನೊರೆಯೇಳುವಂಥದ್ದು. ಇದಕ್ಕೆ ಅತಿ ಸಿಹಿಯಾದ ತಿಂಡಿ ಆಗುವುದಿಲ್ಲ; ಹಗುರವಾಗಿ ಹುದುಗಿ ಉಬ್ಬಿದ, ಹತ್ತಿಯಂಥದ್ದು ಏನಾದರೂ ನಿಮ್ಮಲ್ಲಿದೆಯೆ ಎಂದು ಡಾಕ್ಟರಮ್ಮ ಕೇಳಿದರು. ಇತ್ತು. ನಮ್ಮ ಸಾನ್ನ ಅದೇ ಆಗಿತ್ತು. ಅಕ್ಕಿ ರುಬ್ಬಿ, ಹಿಟ್ಟಿಗೆ ಕಳ್ಳು ಬೆರೆಸಿ, ಉಬ್ಬಿದ ಮೇಲೆ ಬಟ್ಟಲುಗಳಲ್ಲಿ ಬೇಯಿಸುವ ಸಾನ್ನ. ಪಾನನಿರೋಧ ಬಂದಂದಿನಿಂದ ಕಳ್ಳಿಲ್ಲ. ಮಾಯ್ ಉದ್ದು ಹೆಚ್ಚು ಹಾಕಿ ನೋಡಿದ್ದಳು, ಬೇಕರಿಯ ಹುದುಗು ತಂದು ನೋಡಿದ್ದಳು. ಪರದೇಶದ ಅತಿಥಿಯ ಮುಂದೆ ಉಬ್ಬದೆ ಗಟ್ಟಿಯಾದ ಆ ಕಲ್ಲುಗಳನ್ನು ಇಡುವುದಕ್ಕಿಂತ ಸಾನ್ನವೇ ಬೇಡವೆಂದು ಅವಳು ಪಟ್ಟುಹಿಡಿದಳು.

ಕಾನೂನು ಇರುವುದು ಕುಡಿತಕ್ಕೆ, ಹಿಟ್ಟಿಗಲ್ಲ ಎಂದು ನಾನು ನನಗೆ ಹೇಳಿಕೊಂಡೆ. ಕಾಪುವಿನಲ್ಲಿ ಬೆರಳೆತ್ತಿ ತೋರಿಸುವಾಗ ಆ ಗಡಿಗೆ ಹಿಟ್ಟಿಗೋ ಹೊಟ್ಟೆಗೋ ಎಂದು ಕೇಳದಿದ್ದವಳು ಈಗ ಹೀಗೆ ಭೇದ ಮಾಡಿದೆ. ಪವಿತ್ರ ವಾರದ ಗುರುವಾರ ಹಿತ್ತಿಲಿಗೆ ಹೋಗಿ ಮೂರ್ತೆದಾರರೊಡನೆ ಮಾತನಾಡಿದೆ. ನಾವು ಮಾತನಾಡಿದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಒಂದೇ ಗಡಿಗೆಗೆ ಸುಣ್ಣ ಹಚ್ಚಬೇಡಿ. ಶನಿವಾರ ಬೆಳಿಗ್ಗೆ ಕಟ್ಟಿ ಸಂಜೆಗೆ ಇಳಿಸಿದರೆ ಸಾಕು. ಕುಡಿಯಲಿಕ್ಕೆ ಅಲ್ಲ, ಸಾನ್ನದ ಹಿಟ್ಟಿಗೆ."

"ಹಿಟ್ಟಿಗೆ ಅಂತ ಗಡಿಗೆಯ ಮೇಲೆ ಬರೆದಿರುವುದಿಲ್ಲವಲ್ಲ ಟೀಚರಮ್ಮ."

"ನಾನು ಸಮಿತಿಯವಳು. ಯಾರಾದರೂ ಕೇಳಿದರೆ ನಾನು ಹೇಳುತ್ತೇನೆ."

ಅವರು ಸೊಂಟದ ಕತ್ತಿಯನ್ನು ಸರಿಮಾಡಿಕೊಂಡರು. "ನೀವು ಹೇಳಿದ ಮೇಲೆ ಆಯ್ತು," ಎಂದರು. ಅದು ಒಪ್ಪಿಗೆಯೆಂದು ನಾನು ತಿಳಿದೆ. ಅಂಗಳದ ಅಂಚಿನಲ್ಲಿ ನಿಂತವನಿಗೆ ಜಗಲಿಯ ಮೇಲಿನವಳು ಕೇಳಿದಾಗ ಬೇರೆ ಉತ್ತರ ಸಾಧ್ಯವಿತ್ತೆ ಎಂದು ಯೋಚಿಸಲಿಲ್ಲ.

ಶನಿವಾರ ಮಧ್ಯಾಹ್ನ ತಪಾಸಣೆಯವರು ಬಂದರು. ಬಂದದ್ದು ಆಕಸ್ಮಿಕವಲ್ಲ. ಹಬ್ಬದ ಮುನ್ನಾದಿನ ಕ್ರೈಸ್ತರ ಕೇರಿಗಳ ಮರಗಳನ್ನು ತಪ್ಪದೆ ನೋಡಬೇಕೆಂದು ಎರಡು ವರ್ಷಗಳ ಹಿಂದೆ ನಮ್ಮ ಸಮಿತಿಯೇ ಇಲಾಖೆಗೆ ಸಲಹೆ ಕೊಟ್ಟಿತ್ತು. ಸಾನ್ನಕ್ಕೆ ಕಳ್ಳು ಬೇಕಾಗುತ್ತದೆಂಬ ಒಳಗುಟ್ಟನ್ನು ಸಭೆಯಲ್ಲಿ ಹೇಳಿದವಳು ನಾನು. ಆ ಪತ್ರವನ್ನು ಬರೆದವಳೂ ನಾನೇ. ಆಗ ಅದು ನನಗೆ ಪ್ರಾಮಾಣಿಕತೆಯೆಂದು ಕಂಡಿತ್ತು, ಸ್ವಂತ ಜನರ ತಪ್ಪನ್ನೂ ಮುಚ್ಚದ ಪ್ರಾಮಾಣಿಕತೆ. ಬರೆದು, ಮರೆತಿದ್ದೆ.

ಸುದ್ದಿ ಕೇಳಿ ನಾನು ಡಿಸ್ಪೆನ್ಸರಿಗೆ ಓಡಿ ತಲುಪುವಾಗ ಗಡಿಗೆ ಒಡೆದು ಬಿದ್ದಿತ್ತು, ಮೂರ್ತೆದಾರರನ್ನು ಜೀಪಿನಲ್ಲಿ ಉಡುಪಿಗೆ ಕರೆದುಕೊಂಡು ಹೋಗಿಯಾಗಿತ್ತು. ಡಾಕ್ಟರಮ್ಮ ಜಗಲಿಯಲ್ಲಿ ನಿಂತಿದ್ದರು. ಅಧಿಕಾರಿಗಳು ಅವರ ಮೇಜಿನ ಮೇಲಿದ್ದ ಎರಡು ಬಾಟಲಿಗಳನ್ನೂ ಕಂಡಿದ್ದರು. ಪರ್ಮಿಟ್ ನೋಡಿ, ನಮಸ್ಕರಿಸಿ, ತೊಂದರೆ ಕೊಟ್ಟದ್ದಕ್ಕೆ ಕ್ಷಮೆ ಕೇಳಿ ಹೋಗಿದ್ದರು. ಡಾಕ್ಟರಮ್ಮ ನನಗೆ ಇದನ್ನು ಹೇಳಿ ಒಳಗೆ ಹೋದರು. ಆ ಎರಡು ಬಾಟಲಿಗಳನ್ನು ಮುಂದಿನ ವಾರ ಒಬ್ಬರೇ ತೆರೆದು ಅಣ್ಣನಿಗೆ ಬರೆದರೆಂದು ಆಮೇಲೆ ತಿಳಿಯಿತು. ನಮ್ಮ ಪಾಠಗಳು ಮತ್ತೆ ಮೇಜು ಕುರ್ಚಿಗೆ ಬಂದವು.

ಸಂಜೆ ಮೂರ್ತೆದಾರರ ಹೆಂಡತಿ ನಮ್ಮ ಗೇಟಿಗೆ ಬಂದರು. ಬೆಲ್ಲ ಕಾಯಿಸಿ ಕಾಯಿಸಿ ಕೈಗಳೆಲ್ಲ ಸುಟ್ಟ ಕಲೆಯಿದ್ದ ಹೆಂಗಸು. ಮಾಯ್ ಒಳಗೆ ಬರಹೇಳಿದರೂ ಬರಲಿಲ್ಲ.

"ಯಾರಿಗೆ ಇಳಿಸಿದ್ದು ಅಂತ ಕೇಳಿದ್ರಂತೆ. ಇವರು ಹೇಳ್ಲಿಲ್ಲ, ಹೇಳುವುದೂ ಇಲ್ಲ. ನೀವು ಹೇಳ್ತೀರಾ ಅಂತ ಕೇಳಿ ಹೋಗುವ ಅಂತ ಬಂದೆ ಬಾಯಮ್ಮ."

ಹೇಳುತ್ತೇನೆಂದೆ. ಸೋಮವಾರ ಉಡುಪಿಗೆ ಹೋದೆ. ಅಲ್ಲಿನ ಅಧಿಕಾರಿ ನನಗೆ ಕುರ್ಚಿ ಹಾಕಿಸಿ ಸೌಜನ್ಯದಿಂದ ಮಾತನಾಡಿದರು. ಸಮಿತಿಯ ಕಾರ್ಯಕರ್ತೆಯ ಹೆ‌ಸರು ಇಂಥ ಕೇಸಿನಲ್ಲಿ ಬಂದರೆ ಚಳವಳಿಗೇ ಕಳಂಕವಲ್ಲವೆ ಎಂದರು. ಸಿಹಿ ರಸವೆಂದು ನಂಬಿಸಿ ಅವನೇ ನಿಮ್ಮನ್ನು ಮೋಸಪಡಿಸಿದನೆಂದು ಎರಡು ಸಾಲು ಬರೆದುಕೊಟ್ಟರೆ ನೀವು ಕೋರ್ಟಿನ ಮೆಟ್ಟಿಲು ಹತ್ತಬೇಕಾಗಿಲ್ಲ ಎಂದೂ ಹೇಳಿದರು. ನಾನು ಬರೆದುಕೊಡಲಿಲ್ಲ. ಅದನ್ನು ಧೈರ್ಯವೆಂದು ಆಗ ಎಣಿಸಿದ್ದೆ. ವಿಚಾರಣೆಯ ದಿನ ಕೋರ್ಟಿನಲ್ಲಿ ನಿಂತು, ಸುಣ್ಣ ಹಚ್ಚಬೇಡಿ ಎಂದು ಹೇಳಿದವಳು ನಾನು, ಶಿಕ್ಷೆ ನನಗಾಗಬೇಕು ಎಂದೆ. ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು ನನ್ನನ್ನು ನೋಡಿದರು. ವಿದ್ಯಾವಂತೆ, ಸದುದ್ದೇಶದಿಂದ ನಡೆದವಳು ಎಂದು ನನಗೆ ಎಚ್ಚರಿಕೆ ಕೊಟ್ಟರು. ಉದ್ದೇಶ ಇಬ್ಬರದೂ ಒಂದೇ ಎಂದು ನಾನು ಹೇಳತೊಡಗಿದಾಗ ಕುಳಿತುಕೊಳ್ಳಲು ಹೇಳಿದರು. ಮೂರ್ತೆದಾರರಿಗೆ ಹದಿನೈದು ದಿನಗಳ ಸಜೆಯಾಯಿತು, ಆ ಹಂಗಾಮಿನ ಲೈಸೆನ್ಸು ರದ್ದಾಯಿತು. ಒಂದೇ ತಪ್ಪಿಗೆ ಎರಡು ತೀರ್ಪು. ಓದು ಬಲ್ಲವಳಿಗೊಂದು, ಮರ ಹತ್ತುವವನಿಗೊಂದು.

ಬಸ್ಸಿಗೆ ಕಾಯುವಾಗ ಅವರ ಹೆಂಡತಿ ನನ್ನ ಪಕ್ಕದಲ್ಲೇ ನಿಂತಿದ್ದರು. ಬಸ್ಸು ಬರುವ ದಾರಿಯನ್ನು ನೋಡುತ್ತಲೇ ಹೇಳಿದರು.

"ಸತ್ಯ ಹೇಳಿದ್ರಿ. ಒಳ್ಳೇದು. ಅದರಿಂದ ನಿಮ್ಮ ಮನಸ್ಸಿಗೆ ಹಗುರ ಆಗಿರಬಹುದು. ನಮಗೆ ಮರ ಬೇಕು. ಧನಿಗಳು ಈಗ ಬೇರೆಯವರಿಗೆ ಕೊಟ್ರೆ ಮತ್ತೆ ವಾಪಸು ಸಿಗ್ಲಿಕ್ಕಿಲ್ಲ. ಅದಕ್ಕೆ ಎಂತ ಮಾಡ್ತೀರಿ?"

ಹಂಗಾಮು ಮುಗಿದ ಮೇಲೆ ಲೈಸೆನ್ಸು ಮತ್ತೆ ಸಿಗಬಹುದಿತ್ತು. ಹತ್ತಲು ಮರಗಳೇ ಇಲ್ಲದಿದ್ದರೆ ಲೈಸೆನ್ಸು ಬರಿಯ ಕಾಗದ. ಮರಗಳ ಧನಿಗಳು ಬನ್ನಂಜೆಯಲ್ಲಿದ್ದರು. ಅವರು ನಮ್ಮ ಪಾನನಿರೋಧ ಸಮಿತಿಯ ಅಧ್ಯಕ್ಷರೂ ಆಗಿದ್ದರು. ಹೊಟ್ಟೆಯ ನೋವಿಗೆ ಬ್ರಾಂಡಿ ಅವಶ್ಯಕವೆಂಬ ಸರ್ಟಿಫಿಕೇಟಿಗೆ ಅವರು ಮೊದಲು ನಮ್ಮ ಡಾಕ್ಟರಮ್ಮನ ಬಳಿ ಬಂದಿದ್ದರು. ಡಾಕ್ಟರಮ್ಮ ಹೊಟ್ಟೆಯನ್ನು ಒತ್ತಿ ನೋಡಿ, ಮೆಣಸು ಕಡಿಮೆ ಮಾಡಿ ಎಂದು ಹೇಳಿ ಕಳುಹಿಸಿದ್ದರು. ಸರ್ಟಿಫಿಕೇಟು ಬೇರೆ ಕಡೆ ಸಿಕ್ಕಿತ್ತು.

ನಾನು ಬನ್ನಂಜೆಗೆ ಹೋದಾಗ ಧನಿಗಳು ನನ್ನನ್ನು ಒಳಗೆ ಕೂರಿಸಿ ಕಾಫಿ ತರಿಸಿದರು. ಮೂರ್ತೆದಾರರಿಗೇ ಮರಗಳನ್ನು ಉಳಿಸಿಕೊಡಬೇಕೆಂದು ಕೇಳಿಕೊಂಡೆ. ಅವರು ತಲೆಯಾಡಿಸುತ್ತಾ ಕೇಳಿದರು, ಪಾಪದವನು, ಬಡವ ಎಂದರು.

"ನಾಡಿದ್ದು ಭಾನುವಾರ ಸಭೆ ಉಂಟಲ್ಲ ಟೀಚರ್. ನೀವು ಎಂತದ್ದೋ ಬರೆದಿಟ್ಟಿದ್ದೀರಂತೆ?"

ಬರೆದಿಟ್ಟಿದ್ದೆ, ಬಚ್ಚಿಟ್ಟಿರಲಿಲ್ಲ. ಗಡಿಗೆಗೆ ಜೈಲು, ಬಾಟಲಿಗೆ ಪರ್ಮಿಟ್ ಎಂಬ ಈ ಅನ್ಯಾಯವನ್ನು ಸಭೆಯ ಮುಂದಿಟ್ಟು, ನಮ್ಮ ಸಮಿತಿಯಲ್ಲೇ ಯಾರು ಯಾರ ಬಳಿ ಸರ್ಟಿಫಿಕೇಟು ಇದೆಯೆಂದು ಓದಿ ಹೇಳುವವಳಿದ್ದೆ. ಹೌದೆಂದೆ.

"ಮಾತಾಡಬೇಡಿ ಅಂತ ನಾನು ಹೇಳುವುದಿಲ್ಲ," ಎಂದರು ಅವರು ಬಹಳ ಮೃದುವಾಗಿ. "ಹಾಗೆಯೇ ನನ್ನ ಮರ ಯಾರಿಗೆ ಕೊಡಬೇಕು ಅಂತ ನೀವೂ ಹೇಳುವುದು ಬೇಡ. ಇಬ್ಬರೂ ಹೇಳದಿದ್ರೆ ಎಲ್ಲ ಇದ್ದ ಹಾಗೇ ಇರ್ತದೆ, ಅಲ್ವಾ?"

ಬನ್ನಂಜೆಯಿಂದ ಕಲ್ಯಾಣಪುರಕ್ಕೆ ನಡೆದುಕೊಂಡೇ ಬಂದೆ. ಎರಡು ದಿನ ಒಂದು ಕಡೆ ಕುಳಿತದ್ದು ನೆನಪಿಲ್ಲ. ತರಗತಿಯಲ್ಲಿ ಮಕ್ಕಳು ಉತ್ತರ ಹೇಳಿ ಕಾಯುತ್ತಿದ್ದರು. ನಾನು ಕಿಟಕಿಯ ಬಳಿ ನಿಂತಿರುತ್ತಿದ್ದೆ. ಮಾತನಾಡಿದರೆ ಅನ್ಯಾಯಕ್ಕೆ ಹೆಸರು ಸಿಗುತ್ತದೆ, ಒಂದು ಸಂಸಾರದ ಕಸುಬು ಹೋಗುತ್ತದೆ. ಮಾತನಾಡದಿದ್ದರೆ ಕಸುಬು ಉಳಿಯುತ್ತದೆ, ಮುಂದೆ ಇನ್ನೆಷ್ಟು ಮಂದಿ ಜೀಪು ಹತ್ತುತ್ತಾರೋ ಅವರೆಲ್ಲರ ಪಾಪದಲ್ಲಿ ನನಗೂ ಪಾಲು. ಡಾಕ್ಟರಮ್ಮನನ್ನು ಕೇಳಿದೆ. ತಾವು ಪರ್ಮಿಟ್ ಇರುವವರು, ಇದರಲ್ಲಿ ಸಲಹೆ ಹೇಳುವ ಹಕ್ಕು ತಮಗಿಲ್ಲ ಎಂದರು. ಮೂರ್ತೆದಾರರ ಹೆಂಡತಿಗೆ ಧನಿಗಳ ಮಾತನ್ನು ಇದ್ದ ಹಾಗೆ ತಿಳಿಸಿದೆ. ಅವರು ಒಲೆಯಲ್ಲಿ ಬೆಂಕಿಯಿಲ್ಲದ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತಿದ್ದರು.

"ಭಾಷಣ ಇನ್ನೊಂದು ದಿನ ಮಾಡ್ಲಿಕ್ಕೆ ಆಗ್ತದಲ್ವಾ?" ಎಂದರು.

ಭಾನುವಾರ ಸಭಾಂಗಣ ತುಂಬಿತ್ತು. ಮಣಿಪಾಲದ ಗುಡ್ಡದಿಂದ ವಿದ್ಯಾರ್ಥಿಗಳ ಗುಂಪೊಂದು ಬಂದಿತ್ತು, ಅಜೆಕಾರು, ಹೆಬ್ರಿಯಿಂದಲೂ ಜನ ಬಂದಿದ್ದರು. ಅಧ್ಯಕ್ಷರು ಖಾದಿಯ ಶಾಲು ಹೊದ್ದು, ಕಳ್ಳು ಬಡವನ ಮನೆಯನ್ನು ಹೇಗೆ ಸುಡುತ್ತದೆಂದು ಹೇಳಿದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಕೊನೆಗೆ, ಯಾರಿಗಾದರೂ ಮಾತನಾಡಲಿಕ್ಕೆ ಉಂಟೆ ಎಂದು ಕೇಳಿ, ನಾನು ಕುಳಿತಿದ್ದ ಸಾಲಿನತ್ತ ನೋಡಿದರು. ಕಾಗದ ನನ್ನ ಮಡಿಲಲ್ಲಿತ್ತು. ಅದನ್ನು ಮತ್ತೂ ಚಿಕ್ಕದಾಗಿ ಮಡಿಸಿದೆ. ಎಲ್ಲರೂ ಎದ್ದು ನಿಂತು ಪ್ರತಿಜ್ಞೆಯನ್ನು ಹೇಳುವಾಗ ನಾನೂ ಎದ್ದು ನಿಂತೆ.

ಮಳೆ ಕಳೆದ ಮೇಲೆ ಧನಿಗಳು ಮಾತು ಉಳಿಸಿಕೊಂಡರು. ಮೂರ್ತೆದಾರರಿಗೆ ಲೈಸೆನ್ಸೂ ಸಿಕ್ಕಿತು, ಮರಗಳೂ ಸಿಕ್ಕಿದವು. ಲೈಸೆನ್ಸು ವರ್ಷಕ್ಕೊಮ್ಮೆ ಹೊಸದಾಗಬೇಕಾಗಿತ್ತು. ಮರಗಳನ್ನೂ ಧನಿಗಳು ವರ್ಷಕ್ಕೊಮ್ಮೆಯೇ ಕೊಡುತ್ತಿದ್ದುದು. ಆದ್ದರಿಂದ ಇನ್ನೊಂದು ದಿನ ಎಂಬುದು ಬರಲೇ ಇಲ್ಲ. ನಾನು ಸಮಿತಿಯನ್ನು ಬಿಟ್ಟೆ, ಕಾರಣ ಹೇಳದೆ ಬಿಟ್ಟೆ. ಅರವತ್ತರ ದಶಕದ ಉತ್ತರಾರ್ಧದಲ್ಲಿ ಪಾನನಿರೋಧವೇ ಸಡಿಲವಾಯಿತು. ಪರ್ಮಿಟ್ಟಿನ ಅನ್ಯಾಯವನ್ನು ಕೇಳುವವರು ಆಗ ಯಾರೂ ಉಳಿದಿರಲಿಲ್ಲ.

ಆ ವರ್ಷಗಳ ನಡುವೆ ಒಂದು ಬೆಳಿಗ್ಗೆ, ಡಿಸ್ಪೆನ್ಸರಿಯ ಹಿತ್ತಿಲಿನಲ್ಲಿ ಮೂರ್ತೆದಾರರು ಒಬ್ಬರೇ ಸಿಕ್ಕಿದಾಗ ಕೇಳಿಯೇಬಿಟ್ಟೆ, ಆ ದಿನ ನಾನು ಮಾತನಾಡಬೇಕಿತ್ತೆ ಎಂದು. ಅವರು ಮರ ಹತ್ತಲೆಂದು ಪಾದಗಳಿಗೆ ಹಗ್ಗದ ಕಾಲ್ಬಳೆಯನ್ನು ಸಿಕ್ಕಿಸುತ್ತಿದ್ದವರು ನಿಲ್ಲಿಸಿದರು.

"ಮಾತಾಡಿದ್ರೆ ನನ್ನ ಮರ ಹೋಗ್ತಿತ್ತು," ಎಂದರು. "ಮಾತಾಡದೆ ಇದ್ದದ್ದಕ್ಕೆ ನಿಮ್ಮದು ಎಂತ ಹೋಯ್ತು ಅಂತ ನನಗೆ ಗೊತ್ತಿಲ್ಲ ಟೀಚರಮ್ಮ. ಅದನ್ನು ನನ್ನತ್ರ ಕೇಳಿದ್ರೆ ಹೇಗೆ?"

ಕಾಲು ಕುಂಟುತ್ತಿದ್ದರೂ ಅವರು ಬೇಗ ಹತ್ತುತ್ತಿದ್ದರು. ನಾನು ಇನ್ನೇನೋ ಹೇಳಲು ತಲೆಯೆತ್ತುವಷ್ಟರಲ್ಲಿ ಅರ್ಧ ಮರ ದಾಟಿಯಾಗಿತ್ತು.